ಬಯಲಿಗೆ ಹೊರಟವರ ಕೈಗಡಿಯಾರ

ಮಹಾನಗರಕ್ಕೆ ಬಂದು ನೆಲೆಸಿದ ನಮ್ಮವರಲ್ಲಿ ನಲವತ್ತು ದಾಟಿದ ಮೇಲೆ ಬಯಲಿಗಿಳಿಯುವವರನ್ನು ಈಗ ಎಲ್ಲೆಲ್ಲೂ ಕಾಣುತ್ತೇವೆ. ವೈದ್ಯರು ರಕ್ತದ ಸಕ್ಕರೆಯ ಅಂಕಿಯನ್ನು ತೋರಿಸಿ ಗದರಿಸಿದ್ದರಿಂದ ಕೆಲವರು, ಮಕ್ಕಳ ಒತ್ತಾಯಕ್ಕೆ ಕೆಲವರು, ಊರಿನ ಗುಡ್ಡಬೆಟ್ಟಗಳ ನೆನಪಿನಿಂದ ಮತ್ತೆ ಕೆಲವರು ಬೆಳಗಿನ ಓಟಕ್ಕೋ ಭಾನುವಾರದ ಚಾರಣಕ್ಕೋ ಹೊರಡುತ್ತಾರೆ. ಹೊರಡುವ ಮುನ್ನ ಬೂಟು, ಚೀಲ, ಟೋಪಿ ಎಲ್ಲವೂ ಸಿದ್ಧವಾಗುತ್ತವೆ. ಕೈಗಡಿಯಾರದ ವಿಷಯ ಬಂದಾಗ ಮಾತ್ರ ಎರಡು ಅತಿರೇಕಗಳನ್ನು ಕಾಣಬಹುದು. ಮದುವೆಯಲ್ಲಿ ಮಾವನವರು ಕೊಟ್ಟ ಚಿನ್ನದ ಲೇಪದ ಗಡಿಯಾರವನ್ನೇ ಕಟ್ಟಿಕೊಂಡು ಬೆಟ್ಟ ಹತ್ತುವವರು ಒಂದು ಕಡೆ. ಅಂಗಡಿಯವನ ಮಾತಿಗೆ ಮರುಳಾಗಿ ಅರ್ಧ ತಿಂಗಳ ಸಂಬಳವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುವವರು ಇನ್ನೊಂದು ಕಡೆ. ಇವೆರಡರ ನಡುವೆ ಎರಡು ಸಾವಿರ ರೂಪಾಯಿಯ ಒಳಗೆ ದೊರೆಯುವ, ಹತ್ತು ವರ್ಷದ ಹತ್ತಿರ ಬಾಳಬಲ್ಲ ಗಡಿಯಾರವನ್ನು ಆರಿಸುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಕೈಯಲ್ಲಿ ಮೊಬೈಲ್ ಇರುವಾಗ ಗಡಿಯಾರವೇಕೆ ಎಂಬ ಪ್ರಶ್ನೆ ಸಹಜವಾದದ್ದೇ. ಸಹ್ಯಾದ್ರಿಯ ಮಳೆಯಲ್ಲಿ ಒಮ್ಮೆ ನೆನೆದವರು ಈ ಪ್ರಶ್ನೆಯನ್ನು ಎರಡನೆಯ ಸಲ ಕೇಳುವುದಿಲ್ಲ. ಒಂದು ಶ್ರಾವಣ ಮಾಸದಲ್ಲಿ ನಮ್ಮ ಗೆಳೆಯರ ತಂಡ ಮಳವಲಿ ನಿಲ್ದಾಣದಲ್ಲಿಳಿದು ಲೋಹಗಡಕ್ಕೆ ಹೋಗಿತ್ತು. ಮೊಬೈಲುಗಳೆಲ್ಲ ಪ್ಲಾಸ್ಟಿಕ್ ಚೀಲದೊಳಗೆ ಭದ್ರವಾಗಿದ್ದವು. ಹೊರತೆಗೆದರೆ ಒದ್ದೆ ಬೆರಳಿಗೆ ಗಾಜು ಸ್ಪಂದಿಸುತ್ತಿರಲಿಲ್ಲ. ಮೋಡ ಕವಿದು ಹನ್ನೊಂದು ಗಂಟೆಯೋ ನಾಲ್ಕು ಗಂಟೆಯೋ ಎಂದು ತಿಳಿಯದ ಬೆಳಕು. ಹದಿನಾಲ್ಕು ಜನರ ಆ ತಂಡವನ್ನು ಹೊತ್ತಿಗೆ ಸರಿಯಾಗಿ ಇಳಿಸಿದ್ದು ಒಬ್ಬ ಗೃಹಿಣಿಯ ಕೈಯಲ್ಲಿದ್ದ, ಮಗನ ಪರೀಕ್ಷೆಗೆಂದು ಕೊಂಡು ಅವನು ಬೇಡವೆಂದ, ಕಪ್ಪು ರೆಸಿನ್ನಿನ ಅಂಕಿ ಗಡಿಯಾರ. ಪಾಚಿಗಟ್ಟಿದ ಮೆಟ್ಟಿಲುಗಳನ್ನು ಕತ್ತಲಲ್ಲಿ ಇಳಿಯುವುದೆಂದರೆ ಏನೆಂಬುದನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಬೆಟ್ಟ ಹತ್ತುವವನಿಗೆ ಗಡಿಯಾರದ ಮುಖ್ಯ ಉಪಯೋಗ ಹಿಂದಿರುಗುವ ಹೊತ್ತನ್ನು ನಿಶ್ಚಯಿಸುವುದು. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್‌ಲೆಂಡಿನ ಪರ್ವತಾರೋಹಿ 1892ರಲ್ಲಿ ಇದಕ್ಕೊಂದು ಸರಳ ಲೆಕ್ಕವನ್ನು ಕೊಟ್ಟ. ಪ್ರತಿ ಮೂರು ಮೈಲಿಗೆ, ಅಂದರೆ ಸುಮಾರು 5 ಕಿಲೋಮೀಟರಿಗೆ, ಒಂದು ಗಂಟೆ. ಏರುವ ಪ್ರತಿ 2000 ಅಡಿಗೆ, ಅಂದರೆ ಸುಮಾರು 600 ಮೀಟರಿಗೆ, ಇನ್ನೊಂದು ಗಂಟೆ. 6 ಕಿಲೋಮೀಟರು ದಾರಿ, 600 ಮೀಟರು ಏರು ಎಂದಾದರೆ 2 ಗಂಟೆ 12 ನಿಮಿಷ. ಇದು ತಂಪು ನಾಡಿನ ಗಟ್ಟಿ ಕಾಲುಗಳ ಲೆಕ್ಕ. ವಾರವಿಡೀ ಕುರ್ಚಿಯಲ್ಲಿ ಕುಳಿತ ನಮ್ಮಂಥವರು ಇದಕ್ಕೆ ಅರ್ಧದಷ್ಟನ್ನು ಸೇರಿಸಿಕೊಳ್ಳುವುದೇ ವಿವೇಕವೆಂದು ನನ್ನ ಅಭಿಪ್ರಾಯ. ಆಗ ಮೂರು ಗಂಟೆ ಇಪ್ಪತ್ತು ನಿಮಿಷವಾಯಿತು. ಮುಂಬಯಿಯಲ್ಲಿ ಜುಲೈ ಮೊದಲಿನಲ್ಲಿ ಸೂರ್ಯ ಮುಳುಗುವುದು 7 ಗಂಟೆ 20 ನಿಮಿಷದ ಸುಮಾರಿಗೆ, ಡಿಸೆಂಬರಿನ ಮೊದಲಿನಲ್ಲಿ 6 ಗಂಟೆಗೆ. ಈ ಒಂದು ಗಂಟೆ ಇಪ್ಪತ್ತು ನಿಮಿಷದ ವ್ಯತ್ಯಾಸವನ್ನು ಮರೆತು ಬೇಸಗೆಯ ಅಭ್ಯಾಸದಲ್ಲೇ ಚಳಿಗಾಲದಲ್ಲಿ ಹೊರಡುವವರು ಕಾಡಿನಲ್ಲಿ ಕತ್ತಲೆಗೆ ಸಿಕ್ಕಿಕೊಳ್ಳುತ್ತಾರೆ. ಶಿಖರ ಸಿಗಲಿ ಬಿಡಲಿ, ಇಂತಿಷ್ಟು ಹೊತ್ತಿಗೆ ತಿರುಗತಕ್ಕದ್ದು ಎಂದು ಅಲಾರಮು ಇಟ್ಟುಕೊಂಡರೆ ತಂಡದ ಮುಖ್ಯಸ್ಥನಿಗೆ ವಾದ ಮಾಡುವ ಶ್ರಮ ತಪ್ಪುತ್ತದೆ.

ಮುಳ್ಳಿನ ಗಡಿಯಾರದಿಂದ ದಿಕ್ಕನ್ನೂ ತಿಳಿಯಬಹುದೆಂದು ಹಳೆಯ ಸ್ಕೌಟು ಪುಸ್ತಕಗಳು ಹೇಳುತ್ತವೆ: ಗಂಟೆಯ ಮುಳ್ಳನ್ನು ಸೂರ್ಯನ ಕಡೆಗೆ ತಿರುಗಿಸಿದರೆ ಅದಕ್ಕೂ ಹನ್ನೆರಡರ ಅಂಕಿಗೂ ನಡುವಿನ ಅರ್ಧ ಭಾಗ ದಕ್ಷಿಣ. ಇದನ್ನು ನಮ್ಮ ಕಡೆ ನಂಬಬಾರದು. ಮುಂಬಯಿಯ ಸೂರ್ಯ ಭಾರತೀಯ ಪ್ರಮಾಣ ಸಮಯಕ್ಕಿಂತ ಸುಮಾರು 39 ನಿಮಿಷ ಹಿಂದೆ ಎಂಬುದು ಒಂದು ತೊಡಕು. ಮೇ ತಿಂಗಳ ನಡುವಿನಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ ಎಂಬುದು ಅದಕ್ಕಿಂತ ದೊಡ್ಡ ತೊಡಕು.

ಆರೋಗ್ಯಕ್ಕಾಗಿ ನಡೆಯುವವರಿಗೆ ಗಡಿಯಾರದ ಪ್ರಯೋಜನ ಬೇರೆ. ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವೇಗದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾಧಾರಣ ವೇಗವೆಂದರೆ ಯಾವುದು? ನಡೆಯುತ್ತಾ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು ಎಂಬುದು ಒಂದು ಅಳತೆ. ನಾಡಿ ಇನ್ನೊಂದು. ತೋರುಬೆರಳು ಮತ್ತು ನಡುಬೆರಳುಗಳನ್ನು ಹೆಬ್ಬೆರಳಿನ ಬುಡದ ಬಳಿ ಮಣಿಕಟ್ಟಿನ ಮೇಲಿಟ್ಟು 15 ಸೆಕೆಂಡುಗಳವರೆಗೆ ಬಡಿತವನ್ನೆಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಲೆಕ್ಕ ಸಿಗುತ್ತದೆ. ಹೆಬ್ಬೆರಳಿನಿಂದ ಎಣಿಸಬಾರದು; ಅದರಲ್ಲಿಯೇ ಒಂದು ನಾಡಿ ಮಿಡಿಯುತ್ತಿರುತ್ತದೆ. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತದ ಸ್ಥೂಲ ಅಂದಾಜು, ನಲವತ್ತೈದರವನಿಗೆ 175. ಅದರ ಶೇಕಡ 50ರಿಂದ 70, ಅಂದರೆ ಸುಮಾರು 88ರಿಂದ 123ರ ನಡುವೆ ಇದ್ದರೆ ಸಾಧಾರಣ ವ್ಯಾಯಾಮ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ವರ್ಗದ ಗುಳಿಗೆ ಸೇವಿಸುವವರ ನಾಡಿ ಔಷಧದಿಂದಲೇ ನಿಧಾನವಾಗಿರುವುದರಿಂದ ಅವರಿಗೆ ಈ ಲೆಕ್ಕ ಹೊಂದುವುದಿಲ್ಲ, ಅವರು ವೈದ್ಯರನ್ನೇ ಕೇಳಬೇಕು. ಇಷ್ಟೆಲ್ಲಕ್ಕೂ ಬೇಕಾದದ್ದು ಸ್ಪಷ್ಟವಾಗಿ ಕಾಣುವ ಸೆಕೆಂಡು, ಅಷ್ಟೆ.

ಇನ್ನು ಯಂತ್ರದ ವಿಷಯ. ನಮ್ಮ ತಂದೆಯವರ ಪೀಳಿಗೆಗೆ ಗಡಿಯಾರವೆಂದರೆ ಎಚ್.ಎಂ.ಟಿ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ತಯಾರಿಕೆ ಆರಂಭಿಸಿ, 2016ರಲ್ಲಿ ಮುಚ್ಚುವ ನಿರ್ಧಾರಕ್ಕೆ ಗುರಿಯಾದ ಆ ಕಾರ್ಖಾನೆಯ ಜನತಾ ಗಡಿಯಾರ ಈಗಲೂ ಹಲವು ಮನೆಗಳ ಬೀರುವಿನಲ್ಲಿದೆ, ಕೀಲಿ ಕೊಟ್ಟರೆ ನಡೆಯುತ್ತದೆ. ಅದರ ಮೇಲಿನ ಮಮತೆ ನನಗೂ ಉಂಟು. ಆದರೆ ಅದನ್ನು ಕಟ್ಟಿಕೊಂಡು ಕ್ರಿಕೆಟ್ಟಿನಲ್ಲಿ ಬೌಲಿಂಗ್ ಮಾಡಬೇಡಿ. ಕೀಲಿ ಗಡಿಯಾರದ ತೂಗುಚಕ್ರ ಕೂದಲೆಳೆಯಷ್ಟು ಸಣ್ಣ ಮೊನೆಗಳ ಮೇಲೆ ನಿಂತಿರುತ್ತದೆ. ಆಘಾತ ನಿರೋಧಕ ಏರ್ಪಾಟು ಇದ್ದರೂ ಅದಕ್ಕೊಂದು ಮಿತಿಯುಂಟು. ಆಘಾತ ನಿರೋಧಕತೆಯ ಅಂತರರಾಷ್ಟ್ರೀಯ ಮಾನದಂಡವಾದ ಐ.ಎಸ್.ಓ. 1413ರ ಪರೀಕ್ಷೆಯೇ ಒಂದು ಮೀಟರು ಎತ್ತರದಿಂದ ಗಟ್ಟಿಮರದ ನೆಲಕ್ಕೆ ಬೀಳುವುದಕ್ಕೆ ಸಮಾನವಾದದ್ದು. ಸಹ್ಯಾದ್ರಿಯ ಕರಿಬಂಡೆ ಮರಕ್ಕಿಂತ ಗಟ್ಟಿ.

ಬಯಲಿಗೆ ಕ್ವಾರ್ಟ್ಜ್ ಯಂತ್ರವೇ ಸರಿ. ಸೀಕೊ ಸಂಸ್ಥೆ 1969ರ ಡಿಸೆಂಬರ್ 25ರಂದು ಮಾರಾಟಕ್ಕಿಟ್ಟ ಆಸ್ಟ್ರಾನ್ ಈ ಜಾತಿಯ ಮೊದಲ ಕೈಗಡಿಯಾರ. ಬೆಲೆ ನಾಲ್ಕೂವರೆ ಲಕ್ಷ ಯೆನ್. ಸ್ಫಟಿಕದ ಪುಟ್ಟ ಕವಲಿನ ಕಂಪನಗಳನ್ನು ಎಣಿಸಿ ಹೊತ್ತು ತೋರಿಸುವ ಅದೇ ತತ್ತ್ವ, ಸೆಕೆಂಡಿಗೆ 32,768 ಕಂಪನಗಳ ಲೆಕ್ಕದಲ್ಲಿ, ಇಂದು ಪರೀಕ್ಷೆಗೆ ಹೋಗುವ ಹುಡುಗನ ಕೈಗೂ ಎಟುಕಿದೆ. ಸಾಧಾರಣ ಕೀಲಿ ಗಡಿಯಾರ ದಿನಕ್ಕೆ ಇಪ್ಪತ್ತು ಮೂವತ್ತು ಸೆಕೆಂಡು ಹೆಚ್ಚುಕಡಿಮೆ ಮಾಡಿದರೆ ಅಗ್ಗದ ಕ್ವಾರ್ಟ್ಜ್ ಅಷ್ಟನ್ನು ತಿಂಗಳಿಗೆ ಮಾಡುತ್ತದೆ.

ಉದಾಹರಣೆಗೆ ಕ್ಯಾಸಿಯೊ ಸಂಸ್ಥೆಯ ಎಫ್-91ಡಬ್ಲ್ಯು. 1989ರಿಂದ ಹೆಚ್ಚೇನೂ ಬದಲಾಗದೆ ಬಂದಿರುವ ಇದರ ತೂಕ 21 ಗ್ರಾಮು, ಕಟ್ಟಿದ್ದೇ ಮರೆತುಹೋಗುತ್ತದೆ. ಬ್ಯಾಟರಿಯ ಆಯುಸ್ಸು ಸುಮಾರು 7 ವರ್ಷ, ತಿಂಗಳಿಗೆ 30 ಸೆಕೆಂಡಿನ ಒಳಗಿನ ತಪ್ಪು, ಅಲಾರಮು, ನಿಲುಗಡಿಯಾರ. ಅದರ ದೌರ್ಬಲ್ಯಗಳನ್ನೂ ಹೇಳಬೇಕು. ದೀಪ ಮಿಣುಕುಹುಳುವಿಗಿಂತ ಮಂದ. ನೀರಿನ ತಡೆ ತುಂತುರಿಗೂ ಬೆವರಿಗೂ ಮಾತ್ರ. ಈಜುವವರಿಗೆ ಅದೇ ಸಂಸ್ಥೆಯ ಡಬ್ಲ್ಯು-800ಎಚ್ ಉತ್ತಮ. 100 ಮೀಟರಿನ ನೀರಿನ ತಡೆ, 10 ವರ್ಷದ ಬ್ಯಾಟರಿ. ಮುಳ್ಳುಗಳೇ ಬೇಕೆನ್ನುವವರು ಹಗುರವಾದ ಎಂ.ಆರ್.ಡಬ್ಲ್ಯು.-200ಎಚ್ ಅನ್ನು ನೋಡಬಹುದು, ಅದಕ್ಕೂ 100 ಮೀಟರಿನ ತಡೆ ಉಂಟು. ಹೊಸೂರಿನಲ್ಲಿ ಕಾರ್ಖಾನೆಯುಳ್ಳ ಟೈಟನ್ ಸಂಸ್ಥೆಯ ಸೊನಾಟಾ ಮಾಲಿಕೆಯಲ್ಲಿಯೂ ಅಗ್ಗದ ಗಡಿಯಾರಗಳಿವೆ, ದುರಸ್ತಿಯ ಅನುಕೂಲ ಊರೂರಿನಲ್ಲಿದೆ. ಕಿಕುಓ ಇಬೆ ಎಂಬ ಎಂಜಿನಿಯರು ಕೆಳಗೆ ಬಿದ್ದರೂ ಒಡೆಯದ ಗಡಿಯಾರ ಬೇಕೆಂದು ಹಠ ಹಿಡಿದು, ಇನ್ನೂರಕ್ಕೂ ಹೆಚ್ಚು ಮಾದರಿಗಳನ್ನು ಮೂರನೆಯ ಅಂತಸ್ತಿನ ಕಿಟಕಿಯಿಂದ ಎಸೆದೆಸೆದು 1983ರಲ್ಲಿ ಹೊರತಂದ ಜಿ-ಶಾಕ್ ನಿಜಕ್ಕೂ ಗಟ್ಟಿಮುಟ್ಟು. ಆದರೆ ಅದು ನಮ್ಮ ಎರಡು ಸಾವಿರದ ಗೆರೆಯನ್ನು ದಾಟುತ್ತದೆ.

ನೀರಿನ ತಡೆಯ ಅಂಕಿಯನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. 30 ಮೀಟರು ಎಂದು ಬರೆದಿದ್ದರೆ 30 ಮೀಟರು ಆಳಕ್ಕೆ ಮುಳುಗಬಹುದೆಂದು ಅರ್ಥವಲ್ಲ. ಪ್ರತಿ 10 ಮೀಟರು ನೀರಿಗೆ ಸುಮಾರು ಒಂದು ವಾಯುಮಾನದಂತೆ ಅಷ್ಟು ಒತ್ತಡವನ್ನು ಪ್ರಯೋಗಾಲಯದಲ್ಲಿ, ಹೊಸ ಗಡಿಯಾರಕ್ಕೆ, ನಿಶ್ಚಲ ಸ್ಥಿತಿಯಲ್ಲಿ ಕೊಟ್ಟು ನೋಡಲಾಗಿದೆ ಎಂದಷ್ಟೇ ಅರ್ಥ. ವ್ಯವಹಾರದಲ್ಲಿ 30 ಎಂದರೆ ಕೈ ತೊಳೆಯುವುದು ಮತ್ತು ಮಳೆ. 50 ಎಂದರೆ ಈಜು. 100 ಎಂದರೆ ಸಮುದ್ರದಲ್ಲಿ ಆಟ. ಮುಳುಗುಗಾರರ ಗಡಿಯಾರಕ್ಕೆ ಐ.ಎಸ್.ಓ. 6425 ಎಂಬ ಬೇರೆಯೇ ಮಾನದಂಡವಿದೆ. ನೀರನ್ನು ತಡೆಯುವುದು ಹಿಂಬದಿಯ ಮುಚ್ಚಳದಲ್ಲಿಯೂ ಗುಂಡಿಗಳಲ್ಲಿಯೂ ಇರುವ ಸಣ್ಣ ರಬ್ಬರಿನ ಬಳೆಗಳು. ಬಿಸಿನೀರು, ಸಾಬೂನು, ಕಾಲ ಇವು ಮೂರೂ ಆ ಬಳೆಗಳ ವೈರಿಗಳು. ನೀರಿನೊಳಗೆ ಗುಂಡಿ ಒತ್ತಬಾರದು. ಸಮುದ್ರದಿಂದ ಬಂದೊಡನೆ ಸಿಹಿನೀರಿನಲ್ಲಿ ತೊಳೆಯಬೇಕು.

ಗಾಜಿನಲ್ಲಿ ಮೂರು ಬಗೆ. ಧೂಳಿನಲ್ಲಿರುವ ಮರಳಿನ ಕಾಠಿಣ್ಯ ಮೋಸ್ ಮಾಪಕದಲ್ಲಿ 7. ನೀಲಮಣಿ ಗಾಜಿನದು 9, ಆದ್ದರಿಂದ ಮರಳು ಅದನ್ನು ಗೀರಲಾರದು, ಆದರೆ ಅದು ದುಬಾರಿ. ಖನಿಜ ಗಾಜು ಮರಳಿಗಿಂತ ಮೃದು. ಅಕ್ರಿಲಿಕ್ ಎಲ್ಲಕ್ಕಿಂತ ಮೃದುವಾದರೂ ಸುಲಭವಾಗಿ ಒಡೆಯದು, ಗೀರಿದರೆ ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕಿ ಹೊಳಪು ತರಬಹುದು. ಬಯಲಿಗೆ ನಾನು ಅಕ್ರಿಲಿಕ್ಕಿನ ಪಕ್ಷ.

ಪಟ್ಟಿಯ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಗಡಿಯಾರ ಕೆಡುವುದಕ್ಕೆ ಮೊದಲು ಕೆಡುವುದು ಪಟ್ಟಿ. ಚರ್ಮದ ಪಟ್ಟಿ ಬೆವರಿಗೆ ಕೊಳೆಯುತ್ತದೆ. ರೆಸಿನ್ ಪಟ್ಟಿ ಒಳ್ಳೆಯದು, ಆದರೆ ಕೆಲವು ವರ್ಷಗಳಲ್ಲಿ ತೇವ ಮತ್ತು ಬೆವರಿನಿಂದ ಬಿರುಸಾಗಿ ರಂಧ್ರದ ಬಳಿ ಸೀಳುತ್ತದೆ. ಆದಕಾರಣ ಕೊಳ್ಳುವಾಗಲೇ ಬದಲಿ ಪಟ್ಟಿ ದೊರೆಯುವುದೇ ಎಂದು ವಿಚಾರಿಸಿ. 18, 20 ಅಥವಾ 22 ಮಿಲಿಮೀಟರಿನ ಸಾಮಾನ್ಯ ಅಗಲವಾದರೆ ಯಾವ ಪೇಟೆಯಲ್ಲಾದರೂ ಸಿಗುತ್ತದೆ. ಬ್ರಿಟಿಷ್ ಸೈನ್ಯ 1973ರಲ್ಲಿ ನಿಗದಿಪಡಿಸಿದ ಮಾದರಿಯ ಒಂದೇ ತುಂಡಿನ ನೈಲಾನ್ ಪಟ್ಟಿ ಎರಡೂ ಕಡ್ಡಿಗಳ ಕೆಳಗೆ ಹಾದುಹೋಗುವುದರಿಂದ ಒಂದು ಕಡ್ಡಿ ಮುರಿದರೂ ಗಡಿಯಾರ ಕಣಿವೆಗೆ ಬೀಳುವುದಿಲ್ಲ. ಮಣಿಕಟ್ಟಿನಲ್ಲಿ ತುರಿಕೆ, ಕೆಂಪು ಗುಳ್ಳೆ ಏಳುವವರು ಎರಡು ಕಾರಣಗಳನ್ನು ಶಂಕಿಸಬೇಕು. ಬಿಗಿಯಾದ ಪಟ್ಟಿಯ ಕೆಳಗೆ ನಿಂತ ಬೆವರು ಮತ್ತು ಸಾಬೂನು ಒಂದು. ಇದಕ್ಕೆ ಬೆರಳು ತೂರುವಷ್ಟು ಸಡಿಲಿಸಿ, ದಿನವೂ ಪಟ್ಟಿಯನ್ನೂ ಕೈಯನ್ನೂ ತೊಳೆದು ಒರಸಿ, ರಾತ್ರಿ ಬಿಚ್ಚಿಟ್ಟರೆ ಸಾಕು. ಅಗ್ಗದ ಲೋಹದ ಲೇಪದಲ್ಲಿರುವ ನಿಕಲ್ ಇನ್ನೊಂದು. ಕಿವಿಯೋಲೆಯಿಂದ ತೊಂದರೆಯಾಗುವವರಿಗೆ ಇದರಿಂದಲೂ ಆಗಬಹುದು. ಅವರು ರೆಸಿನ್ ದೇಹದ ಗಡಿಯಾರವನ್ನು ನೈಲಾನ್ ಪಟ್ಟಿಯೊಡನೆ ಕಟ್ಟುವುದು ಕ್ಷೇಮ. ಹಿಂಬದಿಯ ಮುಚ್ಚಳ ಲೇಪದ್ದಲ್ಲದ ತುಕ್ಕುರಹಿತ ಉಕ್ಕಿನದಾಗಿರಲಿ. ಫುಟ್‌ಬಾಲ್, ಕಬಡ್ಡಿ ಆಡುವವರಿಗಾದರೋ ಯಾವ ಗಡಿಯಾರವೂ ಬೇಡ. ಎದುರಾಳಿಯ ಕಣ್ಣಿಗೆ ಅದು ಆಯುಧ.

ವಾಣಿಜ್ಯ ಶಾಸ್ತ್ರ ಓದಿದವನಾದ್ದರಿಂದ ಸವಕಳಿಯ ಲೆಕ್ಕ ಹಾಕದೆ ಇರಲಾರೆ. 1500 ರೂಪಾಯಿಯ ಗಡಿಯಾರ 7 ವರ್ಷ ಬಾಳಿತು, ನಡುವೆ ಎರಡು ಪಟ್ಟಿಗಳಿಗೆ 600 ರೂಪಾಯಿ ಆಯಿತು ಎನ್ನೋಣ. 2100ನ್ನು 84 ತಿಂಗಳಿಗೆ ಹಂಚಿದರೆ ತಿಂಗಳಿಗೆ 25 ರೂಪಾಯಿ. 3000 ರೂಪಾಯಿಯ ಅಗ್ಗದ ಸ್ಮಾರ್ಟ್ ಗಡಿಯಾರ ಎರಡು ವರ್ಷಕ್ಕೆ ಬ್ಯಾಟರಿ ಸೊರಗಿ ಮೂಲೆ ಸೇರಿದರೆ ತಿಂಗಳಿಗೆ 125. ಹೆಜ್ಜೆ ಎಣಿಸಿ ಉತ್ಸಾಹ ತುಂಬುವ ಗುಣ ಅದಕ್ಕಿದೆ, ನಿರಾಕರಿಸುವುದಿಲ್ಲ. ಆದರೆ ಎರಡು ರಾತ್ರಿಯ ಚಾರಣದಲ್ಲಿ ವಿದ್ಯುತ್ತನ್ನು ಎಲ್ಲಿಂದ ತರುವುದು? ಹಿಮಾಲಯಕ್ಕೆ ಹೋಗುವವರು ಇನ್ನೊಂದನ್ನೂ ನೆನಪಿಡಬೇಕು: ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ದ್ರವಸ್ಫಟಿಕದ ಅಂಕಿಗಳು ಮಂದವಾಗುತ್ತವೆ, ಆದ್ದರಿಂದ ಗಡಿಯಾರ ತೋಳಿನ ಒಳಗೇ ಇರಲಿ.

ಜನಪ್ರಿಯ ಗಡಿಯಾರಗಳಿಗೆ ನಕಲುಗಳೂ ಹೆಚ್ಚು. ಎಫ್-91ಡಬ್ಲ್ಯು ಗಡಿಯಾರದ ಬಲಗಡೆಯ ಗುಂಡಿಯನ್ನು ಮೂರು ಸೆಕೆಂಡು ಒತ್ತಿಹಿಡಿದರೆ ಸಂಸ್ಥೆಯ ಹೆಸರು ಮೂಡುತ್ತದೆ. ಈಗಿನ ನಕಲುಗಳು ಇದನ್ನೂ ಕಲಿತಿರುವುದರಿಂದ ಅಧಿಕೃತ ಅಂಗಡಿಯ ರಸೀದಿಯೇ ಹೆಚ್ಚಿನ ಭರವಸೆ. ಬ್ಯಾಟರಿ ಬದಲಾಯಿಸುವಾಗ ಬೀದಿ ಬದಿಯಲ್ಲಿ ಮುಚ್ಚಳವನ್ನು ಚಾಕುವಿನಿಂದ ಎಬ್ಬಿಸಿದರೆ ರಬ್ಬರಿನ ಬಳೆ ತಿರುಚಿ ಮುಂದಿನ ಮಳೆಗೆ ನೀರು ಒಳಗಿಳಿಯುತ್ತದೆ. ಎದುರಿಗೇ ನಿಂತು ಬಳೆಯನ್ನು ಸರಿಯಾಗಿ ಕೂರಿಸುವಂತೆ, ಸವೆದಿದ್ದರೆ ಹೊಸದನ್ನು ಹಾಕುವಂತೆ ಕೇಳಿ. ಹಳೆಯ ಗಡಿಯಾರ ದುರಸ್ತಿಗಾರರು ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಾರೀಖನ್ನು ಕೊರೆಯುತ್ತಿದ್ದರು. ನೀವು ಅದನ್ನು ರಸೀದಿಯ ಬೆನ್ನಿಗೆ ಬರೆದಿಟ್ಟುಕೊಂಡರೂ ಸಾಕು, ಮುಂದಿನ ಬ್ಯಾಟರಿಯ ವರ್ಷ ಯಾವುದೆಂದು ತಿಳಿಯುತ್ತದೆ.