ಮಣ್ಣಿಲ್ಲದ ಮನೆಯಲ್ಲಿ ಜವಾರಿ ಟೊಮೇಟೊ

2021ರ ಆಗಸ್ಟ್ ಕೊನೆಯ ವಾರ ನಾಸಿಕ್ ಮತ್ತು ಅಂದಿನ ಔರಂಗಾಬಾದ್ ಜಿಲ್ಲೆಗಳ ರೈತರು ತಾವು ಬೆಳೆದ ಟೊಮೇಟೊವನ್ನು ರಸ್ತೆಗೆ ಸುರಿದರು. ಸಗಟು ಮಾರುಕಟ್ಟೆಯಲ್ಲಿ ಕಿಲೋಗೆ 2-3 ರೂಪಾಯಿ. ಕೀಳುವ ಕೂಲಿಯೂ ಹುಟ್ಟದ ದರ. ಎರಡೇ ವರ್ಷಕ್ಕೆ, 2023ರ ಜುಲೈಯಲ್ಲಿ, ಅದೇ ಹಣ್ಣು ಅಂಗಡಿಯಲ್ಲಿ ನೂರು ರೂಪಾಯಿ ದಾಟಿ, ಸಾರಿಗೆ ಹುಣಸೆಯೇ ಗತಿ ಎನ್ನುವಂತಾಯಿತು. ಔರಂಗಾಬಾದ್ ಛತ್ರಪತಿ ಸಂಭಾಜಿನಗರವಾದದ್ದೂ ಆ ವರ್ಷವೇ.

ಈ ಏರಿಳಿತದಿಂದ ಪಾರಾಗಲು ಪಾಲಿಹೌಸ್ ದಾರಿಯೇ? ಅದರಲ್ಲೂ ಊರಿನ ಜವಾರಿ ಟೊಮೇಟೊವನ್ನು ಹೈಡ್ರೋಪೋನಿಕ್ಸ್ ಪದ್ಧತಿಯಲ್ಲಿ, ಅಂದರೆ ಮಣ್ಣಿಲ್ಲದೆ, ಬೆಳೆಯಬಹುದೇ? ಬೆಳೆಯಬಹುದು. ಲಾಭದ ಮಾತು ಬೇರೆ.

ಕೋಲಾರದ ಕಡೆ ನಾಟಿ, ಧಾರವಾಡದ ಕಡೆ ಜವಾರಿ, ಮರಾಠಿಯಲ್ಲಿ ಗಾವರಾನ್. ಹೆಸರು ಮೂರಾದರೂ ಗುಣ ಒಂದೇ: ತೆಳು ಸಿಪ್ಪೆ, ತುಂಬು ರಸ, ನಾಲಿಗೆಗೆ ತಾಗುವ ಹುಳಿ. (ಟೊಮೇಟೊ ಮೂಲತಃ ದಕ್ಷಿಣ ಅಮೆರಿಕದ್ದು, ಪೋರ್ಚುಗೀಸರೊಡನೆ ಬಂದದ್ದು. ನಮ್ಮ ‘ನಾಟಿ’ಯೂ ಒಂದು ಕಾಲದ ವಲಸೆಗಾರನೇ!) ಆ ತೆಳು ಸಿಪ್ಪೆಯೇ ಅದಕ್ಕೆ ಮುಳುವು. ಪಿಂಪಳಗಾಂವ್ ಬಸವಂತದ ಮಾರುಕಟ್ಟೆಯಿಂದ ಕ್ರೇಟ್‌ಗಳಲ್ಲಿ ದೂರದ ರಾಜ್ಯಗಳಿಗೆ ಹೋಗುವುದು ಗಟ್ಟಿ ಸಿಪ್ಪೆಯ ಹೈಬ್ರಿಡ್. ಮನೆಯ ಬೀಜ ಇಲ್ಲದವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್ ಅಥವಾ ದಿಲ್ಲಿಯ ಪೂಸಾ ರೂಬಿ ತಳಿಯನ್ನು ಹಾಕಬಹುದು. ಇವು ಜವಾರಿ ಅಲ್ಲ, ಹೈಬ್ರಿಡ್ ಕೂಡ ಅಲ್ಲ.

ಮಣ್ಣಿಲ್ಲದ ಬೇಸಾಯ ನಮ್ಮ ದೇಶಕ್ಕೆ ಹೊಸತೇನಲ್ಲ. 1946ರ ಸುಮಾರಿಗೇ ಬಂಗಾಳದ ಕಾಲಿಂಪಾಂಗ್‌ನಲ್ಲಿ ಶೋಲ್ಟೊ ಡಗ್ಲಾಸ್ ಇದನ್ನು ಕಡಿಮೆ ಖರ್ಚಿನಲ್ಲಿ ಪ್ರಯೋಗಿಸಿದ್ದರು. ಟೊಮೇಟೊಗೆ ಒಗ್ಗುವುದು ಚೀಲ ಅಥವಾ ಬಕೆಟ್‌ನಲ್ಲಿ ತುಂಬಿದ ತೆಂಗಿನ ನಾರಿನ ಪುಡಿ. ಅದರ ಉಪ್ಪು ಹೋಗುವಂತೆ ಮೊದಲು ಚೆನ್ನಾಗಿ ತೊಳೆಯಬೇಕು. ಗೊಬ್ಬರದ ಗಟ್ಟಿ ದ್ರಾವಣಕ್ಕೆ ಎರಡು ಟ್ಯಾಂಕ್ ಬೇಕು: ಕ್ಯಾಲ್ಸಿಯಂ ನೈಟ್ರೇಟ್ ಒಂದರಲ್ಲಿ, ಸಲ್ಫೇಟ್-ಫಾಸ್ಫೇಟ್ ಇನ್ನೊಂದರಲ್ಲಿ. ಒಂದರಲ್ಲೇ ಬೆರೆಸಿದರೆ ಗಸಿ ಕಟ್ಟಿ ಡ್ರಿಪ್ ಕೊಳವೆ ಮುಚ್ಚಿಹೋಗುತ್ತದೆ. ಗಿಡಕ್ಕೆ ಹೋಗುವ ನೀರಿನ ಪಿಎಚ್ 5.5ರಿಂದ 6.5ರೊಳಗೆ ಇರಬೇಕು. ಹಣ್ಣಿನ ತಳ ಕಪ್ಪಾದರೆ ಗಿಡಕ್ಕೆ ಕ್ಯಾಲ್ಸಿಯಂ ಮುಟ್ಟುತ್ತಿಲ್ಲವೆಂದೇ ತಿಳಿಯಬೇಕು. ನೀರಿನ ಹೆಚ್ಚುಕಡಿಮೆಯೂ ಇದಕ್ಕೆ ಕಾರಣ. ಒಳಗೆ ಗಾಳಿಯಿಲ್ಲದ ಕಾರಣ ಬೆಳಗಿನ ಹೊತ್ತು ಗಿಡ ಕಟ್ಟಿದ ದಾರವನ್ನು ತಟ್ಟಿ ಹೂಗೊಂಚಲು ಅಲುಗಿಸಬೇಕು, ಇಲ್ಲವಾದರೆ ಕಾಯಿ ಸರಿಯಾಗಿ ಕಚ್ಚದು.

ಜವಾರಿಗೆ ಪಾಲಿಹೌಸ್‌ನಿಂದ ಆಗುವ ದೊಡ್ಡ ಉಪಕಾರ ಅದರ ಬಲೆ. ಎಲೆ ಮುದುಡು ರೋಗ ಹರಡುವ ಬಿಳಿನೊಣವನ್ನು ಅದು ಹೊರಗಿಡುತ್ತದೆ.

ನಾಸಿಕ್‌ನ ಹವೆ ಇದಕ್ಕೆ ಅನುಕೂಲ. ಸಂಭಾಜಿನಗರದಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ದಾಟುತ್ತದೆ; 35 ಮೀರಿದರೇ ಪರಾಗ ಕೆಟ್ಟು ಹೂ ಉದುರುತ್ತದೆ. ಹಾಗಾಗಿ ಅಲ್ಲಿ ಮಳೆಗಾಲದ ಕೊನೆಗೆ ಸಸಿ ನೆಟ್ಟು ಚಳಿಗಾಲದಲ್ಲಿ ಕೀಳುವುದೇ ಕ್ಷೇಮ. ನೀರಿನ ವಿಚಾರದಲ್ಲಿ ಮಾತ್ರ ಈ ಪದ್ಧತಿಯ ಅಗತ್ಯ ಹೆಚ್ಚಿರುವುದು ಅಲ್ಲಿಯೇ. ತ್ರ್ಯಂಬಕದಲ್ಲಿ ಹುಟ್ಟುವ ಗೋದಾವರಿ ಪೈಠಣದ ಜಾಯಕವಾಡಿ ತಲುಪುವಷ್ಟರಲ್ಲಿ, ಬರಗಾಲದ ವರ್ಷಗಳಲ್ಲಿ ಎರಡೂ ಕಡೆಯವರ ಜಗಳಕ್ಕೆ ಕಾರಣವಾಗಿರುತ್ತಾಳೆ. ಬಸಿದ ನೀರನ್ನೇ ಮತ್ತೆ ಬಳಸುವ ವ್ಯವಸ್ಥೆಯಲ್ಲಿ ಬಹಳಷ್ಟು ನೀರು ಉಳಿಯುತ್ತದೆ. ಆದರೆ ಒಂದು ಗಿಡದ ಬೇರಿಗೆ ರೋಗ ತಗುಲಿದರೆ ಅದೇ ನೀರು ಅದನ್ನು ಎಲ್ಲ ಗಿಡಕ್ಕೂ ಹಂಚೀತು. ವಿದ್ಯುತ್ ಹೋದರೆ ಪಂಪ್‌ಗೆ ಬದಲಿ ವ್ಯವಸ್ಥೆಯೂ ಬೇಕು.

ಇನ್ನು ಲೆಕ್ಕಾಚಾರ. ಜವಾರಿಯ ಇಳುವರಿ ಹೈಬ್ರಿಡ್‌ಗಿಂತ ಕಡಿಮೆ, ಬಾಳಿಕೆಯೂ ಕಡಿಮೆ. ಪಾಲಿಹೌಸ್‌ನ ಖರ್ಚು ಮಾತ್ರ ಎರಡಕ್ಕೂ ಒಂದೇ. ಸಾಲ ಮಾಡಿ ಕಟ್ಟಿ ಹಣ್ಣನ್ನು ಮಂಡಿಗೆ ಒಯ್ದರೆ 2021ರ ರಸ್ತೆಯೇ ಮತ್ತೆ ಎದುರಾದೀತು. ಹತ್ತಿರದಲ್ಲೇ ದರ ಗೊತ್ತುಮಾಡಿಕೊಂಡು ಕೊಳ್ಳುವ ಹೋಟೆಲ್ಲೋ ನಾಲ್ಕಾರು ಮನೆಗಳೋ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಬೇಕು. ಇಲ್ಲವಾದರೆ ತಾರಸಿಯ ಮೇಲೆ ಹತ್ತು ಬಕೆಟ್ ಸಾಕು.

ಹತ್ತು ಬಕೆಟ್‌ನಲ್ಲೂ ಬೀಜ ಉಳಿಯುತ್ತದೆ. ಹೈಬ್ರಿಡ್‌ನ ಬೀಜ ಮರುವರ್ಷ ಅದೇ ಹಣ್ಣನ್ನು ಕೊಡದು, ಜವಾರಿ ಕೊಡುತ್ತದೆ. ಒಳ್ಳೆಯ ಗಿಡದಲ್ಲಿ ಪೂರ್ತಿ ಹಣ್ಣಾದದ್ದನ್ನು ಹಿಂಡಿ, ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿಡಬೇಕು. ಪೊಟ್ಟಣದ ಮೇಲೆ ಬೀಜ ಬಂದ ಊರಿನ ಹೆಸರು ಮತ್ತು ವರ್ಷ ಬರೆಯಲು ಮರೆಯಬಾರದು.