ಬೆಲೆಮ್‌ಗೆ ಹೊರಟವಳ ಗ್ರಾಫ್ ಹಾಳೆ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆಯ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ, ಆಗ ಭೌತವಿಜ್ಞಾನದಲ್ಲಿ ಎಂಎಸ್ಸಿ ಮಾಡುತ್ತಿದ್ದಳು. 2025ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಬೆಲೆಮ್ ನಗರದಲ್ಲಿ ಸೇರಿದ ವಿಶ್ವಸಂಸ್ಥೆಯ 30ನೆಯ ಹವಾಗುಣ ಸಮ್ಮೇಳನಕ್ಕೆ ವೀಕ್ಷಕಳಾಗಿ ಹೋಗುವ ಅವಕಾಶ ಅವಳಿಗೆ ಸಿಕ್ಕಿತ್ತು. ಅದಕ್ಕೆ ಮುಂಚೆ ಮನೆಗೆ ಬಂದು, “ಸರ್, ಏನೇನು ಓದ್ಕೊಂಡು ಹೋಗ್ಲಿ?” ಎಂದಳು. ಚೀಲದ ತುಂಬ ವರದಿಗಳ ಪ್ರಿಂಟ್ ತಂದಿದ್ದಳು. ಅವನ್ನು ಪಕ್ಕಕ್ಕಿಡಿಸಿ ಒಂದು ಗ್ರಾಫ್ ಹಾಳೆ ಕೊಟ್ಟು, “ಮೊದಲು ಮೌನಾ ಲೋವಾದ ಗೆರೆ ಎಳೆಯಮ್ಮ, ನೋಡೋಣ” ಎಂದೆ.

ಹವಾಯಿ ದ್ವೀಪದ ಮೌನಾ ಲೋವಾ ಜ್ವಾಲಾಮುಖಿಯ ಇಳಿಜಾರಿನಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ಅಮೆರಿಕದ ವಿಜ್ಞಾನಿ 1958ರಲ್ಲಿ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಅಳೆಯತೊಡಗಿದರು. 1959ರ ಸರಾಸರಿ, ಹತ್ತು ಲಕ್ಷ ಅಣುಗಳಲ್ಲಿ 316. 2025ರ ಮೇ ತಿಂಗಳ ಸರಾಸರಿ ಮೊದಲ ಬಾರಿಗೆ 430 ದಾಟಿತು. ಕಾರ್ಖಾನೆಗಳ ಯುಗಕ್ಕೆ ಮುಂಚೆ ಸುಮಾರು 280 ಇತ್ತು.

ಹುಡುಗಿ ಎಡದಿಂದ ಬಲಕ್ಕೆ ಏರುವ ನುಣುಪಾದ ಗೆರೆ ಎಳೆದಳು. “ಗರಗಸದ ಹಲ್ಲು ಎಲ್ಲಿ?” ಎಂದು ಕೇಳಿದೆ. ನಿಜವಾದ ಗೆರೆ ಪ್ರತಿವರ್ಷ ಮೇ ತಿಂಗಳಲ್ಲಿ ತುದಿ ಮುಟ್ಟಿ, ಸೆಪ್ಟೆಂಬರ್ ಹೊತ್ತಿಗೆ ಇಳಿದು, ಮತ್ತೆ ಏರುತ್ತದೆ. ಭೂಮಿಯ ನೆಲ ಹೆಚ್ಚಾಗಿ ಉತ್ತರಾರ್ಧದಲ್ಲಿದೆ. ಅಲ್ಲಿ ಬೇಸಿಗೆಯಲ್ಲಿ ಕಾಡು, ಹುಲ್ಲು, ಬೆಳೆಗಳೆಲ್ಲ ಚಿಗುರಿ ಗಾಳಿಯಿಂದ ಕಾರ್ಬನ್ ಹೀರುತ್ತವೆ. ಚಳಿಗಾಲಕ್ಕೆ ಎಲೆ ಉದುರಿ ಕೊಳೆತಾಗ ಅದು ಗಾಳಿಗೆ ಮರಳುತ್ತದೆ. ಇಡೀ ಭೂಮಿ ವರ್ಷಕ್ಕೊಮ್ಮೆ ಉಸಿರೆಳೆದು ಬಿಡುವುದು ಆ ಹಲ್ಲುಗಳಲ್ಲಿ ಕಾಣುತ್ತದೆ. ಕೈಯಾರೆ ಎಳೆದರೆ ಮಾತ್ರ ಈ ಪ್ರಶ್ನೆ ಏಳುತ್ತದೆ ಎಂಬುದು ನನ್ನ ಅನುಭವ. ಅಚ್ಚಾದ ಗ್ರಾಫ್ ನೋಡುವಾಗ ಕಣ್ಣು ಹಲ್ಲುಗಳನ್ನು ದಾಟಿ ಓಡಿಬಿಡುತ್ತದೆ.

ಸಮ್ಮೇಳನದ ಪಡಸಾಲೆಯಲ್ಲಿ ಯಾರಾದರೂ “ಹೆಚ್ಚಿದ ಕಾರ್ಬನ್ ನಮ್ಮದೇ ಎಂದು ಹೇಗೆ ಗೊತ್ತು?” ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಅಣುಗಳಲ್ಲೇ ಇದೆ. ಜೀವಿಗಳಲ್ಲಿರುವ ಕಾರ್ಬನ್-14 ಎಂಬ ವಿಕಿರಣಶೀಲ ಬಗೆ ಸುಮಾರು 5,730 ವರ್ಷಕ್ಕೆ ಅರ್ಧವಾಗುತ್ತದೆ. ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಕಲ್ಲಿದ್ದಲು, ಪೆಟ್ರೋಲಿಯಂಗಳಲ್ಲಿ ಅದು ಉಳಿದೇ ಇಲ್ಲ. ಹಾಗಾಗಿ ಅವನ್ನು ಸುಟ್ಟಷ್ಟೂ ಗಾಳಿಯ ಕಾರ್ಬನ್‌ನಲ್ಲಿ ಅದರ ಪಾಲು ತೆಳುವಾಗುತ್ತದೆ. ಜೊತೆಗೆ, ಉರಿಯಲು ಆಮ್ಲಜನಕ ಬೇಕಷ್ಟೆ. ಗಾಳಿಯ ಆಮ್ಲಜನಕವೂ ಕೊಂಚ ಕೊಂಚವೇ ಇಳಿಯುತ್ತಿರುವುದನ್ನು ಕೀಲಿಂಗರ ಮಗ ರಾಲ್ಫ್ ಕೀಲಿಂಗ್ ಅಳೆದು ತೋರಿಸಿದ್ದಾರೆ.

“ಬಿಸಿಲು ಹೆಚ್ಚಾಗಿರಬಹುದಲ್ಲ?” ಎನ್ನುವವರಿಗೂ ಉತ್ತರ ಇದೆ. ಸೂರ್ಯನೇ ಕಾರಣನಾಗಿದ್ದರೆ ವಾತಾವರಣ ಮೇಲಿನಿಂದ ಕೆಳಗಿನವರೆಗೆ ಬಿಸಿಯಾಗಬೇಕಿತ್ತು. ಆದರೆ ನೆಲದ ಹತ್ತಿರದ ಗಾಳಿ ಬಿಸಿಯಾಗುತ್ತಿದೆ. ಓಝೋನ್ ಪದರ ಇರುವ ಸಮೋಷ್ಣ ಮಂಡಲ ತಣ್ಣಗಾಗುತ್ತಿದೆ. ಓಝೋನ್ ನಷ್ಟವೂ ಅದಕ್ಕೆ ಸ್ವಲ್ಪ ಕಾರಣ, ಆದರೆ ಮೇಲಿನ ಪದರಗಳಲ್ಲಿ ಕಾರ್ಬನ್ ಡೈಆಕ್ಸೈಡಿನದೇ ಮುಖ್ಯ ಕೈವಾಡ. ಹೀಗಾಗುತ್ತದೆಂದು ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. 2021ರಲ್ಲಿ ಮನಾಬೆ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು.

ಇಷ್ಟು ವಿಜ್ಞಾನ ಗಟ್ಟಿಯಾದರೆ ಸಾಕೆ ಎಂದರೆ, ಸಾಲದು. ಸಮ್ಮೇಳನದಲ್ಲಿ ನಡೆಯುವುದು ಮಾತಿನ ಕೆಲಸ, ಮತ್ತು ಅಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಎಡವುವುದು ಮೊದಲ ಹೆಜ್ಜೆಯಲ್ಲೇ. ‘ಹವಾಗುಣ ಬದಲಾವಣೆ’ ಎಂಬ ಪದಕ್ಕೇ ಎರಡು ಅರ್ಥ ಇವೆ. ಹವಾಗುಣದ ವರದಿಗಳನ್ನು ಸಿದ್ಧಪಡಿಸುವ ಅಂತರಸರ್ಕಾರಿ ಸಮಿತಿ ಐಪಿಸಿಸಿಯ ವಿಜ್ಞಾನಿಗಳಿಗೆ ಅದು ನಿಸರ್ಗದಿಂದಾದದ್ದೂ ಹೌದು, ಮನುಷ್ಯರಿಂದಾದದ್ದೂ ಹೌದು. 1992ರ ವಿಶ್ವಸಂಸ್ಥೆ ಒಪ್ಪಂದದಲ್ಲಿ ಅದು ಮನುಷ್ಯರ ಚಟುವಟಿಕೆಯಿಂದಾದ ಬದಲಾವಣೆ ಮಾತ್ರ. ಇದು ತಿಳಿಯದೆ ಕೂತರೆ ಅರ್ಧ ಚರ್ಚೆ ತಲೆಗೆ ಹತ್ತುವುದಿಲ್ಲ.

ಕರಡು ಪಠ್ಯದ ತುಂಬ ಚೌಕ ಆವರಣ ಚಿಹ್ನೆಗಳಿರುತ್ತವೆ. ಅವುಗಳ ಒಳಗಿರುವ ಪದಕ್ಕೆ ಇನ್ನೂ ಎಲ್ಲ ದೇಶಗಳ ಒಪ್ಪಿಗೆ ಸಿಕ್ಕಿಲ್ಲ ಎಂದರ್ಥ. ಮತದಾನದ ನಿಯಮವನ್ನು ಈ ದೇಶಗಳು ಇಂದಿಗೂ ಒಪ್ಪಿಕೊಂಡಿಲ್ಲವಾದ್ದರಿಂದ ಎಲ್ಲವೂ ಒಮ್ಮತದಿಂದಲೇ ಆಗಬೇಕು. ನಮ್ಮ ಕಾನೂನು ಪುಸ್ತಕಗಳ ‘ಮಾಡತಕ್ಕದ್ದು’ ಎಂಬುದಕ್ಕೂ ಬರೀ ‘ಮಾಡಬೇಕು’ ಎಂಬುದಕ್ಕೂ ಎಷ್ಟು ಅಂತರ ಎಂದು ವಕೀಲರನ್ನು ಕೇಳಿ. 2015ರ ಪ್ಯಾರಿಸ್ ಸಮ್ಮೇಳನದ ಕೊನೆಯ ಗಂಟೆಗಳಲ್ಲಿ ಶ್ರೀಮಂತ ದೇಶಗಳ ಹೊಣೆ ಹೇಳುವ ಸಾಲಿನಲ್ಲಿ ‘ತಕ್ಕದ್ದು’ ಎಂಬ ತೂಕದ ‘ಶ್ಯಾಲ್’ ಬಂದುಬಿಟ್ಟಿತ್ತು. ಅಮೆರಿಕ ಒಪ್ಪಲಿಲ್ಲ, ಅದನ್ನು ‘ಶುಡ್’ ಎಂದು ತಿದ್ದಿದ ಮೇಲೆಯೇ ಒಪ್ಪಂದವಾಯಿತು. 2021ರಲ್ಲಿ ಗ್ಲಾಸ್ಗೊದಲ್ಲಿ ಭಾರತದ ಒತ್ತಾಯದಿಂದ, ಕಲ್ಲಿದ್ದಲು ಬಳಕೆಯನ್ನು ಹಂತಹಂತವಾಗಿ ‘ನಿಲ್ಲಿಸುವುದು’ ಎಂದಿದ್ದದ್ದು ‘ತಗ್ಗಿಸುವುದು’ ಎಂದಾಯಿತು. ಭಾರತವನ್ನು ಆ ದಿನ ಬಹಳಷ್ಟು ಮಂದಿ ದೂರಿದರು. ತಲೆಗೆ ವರ್ಷಕ್ಕೆ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್ ಬಿಡುವ ದೇಶವನ್ನು, ಸುಮಾರು 14 ಟನ್ ಬಿಡುವ ದೇಶದ ಜೊತೆ ಒಂದೇ ತಕ್ಕಡಿಯಲ್ಲಿಡುವುದು ನ್ಯಾಯವಲ್ಲ ಎಂದೇ ನನ್ನ ತೀರ್ಮಾನ. ಕಲ್ಲಿದ್ದಲಿನ ಹೊಗೆ ನಮ್ಮ ಮಕ್ಕಳ ಎದೆಗೂ ಹೋಗುತ್ತದೆ ಎಂಬುದೂ ಅಷ್ಟೇ ನಿಜ.

ಹೊರಡುವ ಮುಂಚೆ ಅವಳು, “ನಮ್ಮ ತೋಟದ ಎಲೆಚುಕ್ಕಿ ರೋಗದ ಬಗ್ಗೆ ಅಲ್ಲಿ ಹೇಳ್ತೀನಿ ಸರ್” ಎಂದಳು. ಹೇಳು, ಆದರೆ ಎಚ್ಚರದಿಂದ ಎಂದೆ. ರೋಗ ತರುವುದು ಶಿಲೀಂಧ್ರ. ಬಿಡದ ಮಳೆ, ತೇವ ಅದಕ್ಕೆ ಅನುಕೂಲ. ಒಂದು ಡಿಗ್ರಿ ಬಿಸಿಯಾದರೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು ಎಂಬುದು ಭೌತವಿಜ್ಞಾನದ ನಿಯಮ. ಆದರೆ ಈ ನಿಯಮದಿಂದ ತೀರ್ಥಹಳ್ಳಿಯ ಒಂದು ತೋಟಕ್ಕೆ ಬರಬೇಕಾದರೆ ನಡುವೆ ಹತ್ತಾರು ವರ್ಷಗಳ ಮಳೆಯ ಲೆಕ್ಕ ಬೇಕು. 2025ರ ಜುಲೈನಲ್ಲಿ ತೀರಿಕೊಂಡ ಮುಂಗಾರಿನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದುಕೊಂಡು ಪಾವಗಡದ ಕಡಲೆಕಾಯಿ ರೈತರೊಡನೆ ಸೇರಿ, ಬಿತ್ತನೆಯ ಸಮಯಕ್ಕೂ ಮಳೆಯ ಏರಿಳಿತಕ್ಕೂ ಇರುವ ನಂಟನ್ನು ಅಧ್ಯಯನ ಮಾಡಿದ್ದರು. ಊರಿನ ಮಾತನ್ನು ಜಗತ್ತಿಗೆ ಒಯ್ಯುವ ದಾರಿ ಅದು. ನಿನ್ನ ಅಪ್ಪ ಬರೆದಿಟ್ಟ ಮಳೆಯ ಡೈರಿ ಇದ್ದರೆ ಮೊದಲು ಅದನ್ನು ಚೀಲಕ್ಕೆ ಹಾಕಿಕೋ ಎಂದೆ.

ಗ್ರಾಫ್ ಹಾಳೆಯನ್ನು ಹಲ್ಲುಗಳ ಸಮೇತ ಪೂರ್ತಿ ಮಾಡಿ ತೆಗೆದುಕೊಂಡು ಹೋದಳು. ಅದರ ಮೇಲೆ ಎರಡು ಚುಕ್ಕಿ ಗುರುತು ಹಾಕಿಸಿದ್ದೆ. 1992ರ ಒಪ್ಪಂದದ ದೇಶಗಳ ಮೊದಲ ಸಮ್ಮೇಳನ ಬರ್ಲಿನ್‌ನಲ್ಲಿ ಸೇರಿದ್ದು 1995ರಲ್ಲಿ. ಆ ವರ್ಷದ ಸರಾಸರಿ ಸುಮಾರು 361. ಇಪ್ಪತ್ತೊಂಬತ್ತು ಸಮ್ಮೇಳನಗಳು ಮುಗಿದ 2024ರ ಸರಾಸರಿ 424ಕ್ಕಿಂತ ಹೆಚ್ಚು.