ಗಾಜಿನ ಆಚೆಯ ಕೂಸು

ಮಹಾಭಾರತದ ಆಶ್ವಮೇಧಿಕ ಪರ್ವದಲ್ಲಿ ಪರೀಕ್ಷಿತನ ಜನನದ ಪ್ರಸಂಗವನ್ನು ಓದಿದವರಿಗೆ ಅಲ್ಲಿಯ ಸೂತಿಕಾಗೃಹದ ವರ್ಣನೆಯು ನೆನಪಿರಬಹುದು. ಬಿಳಿಯ ಹೂಮಾಲೆಗಳು, ನೀರು ತುಂಬಿದ ಕಲಶಗಳು, ತುಪ್ಪ, ಸಾಸಿವೆ, ಸುತ್ತಲೂ ಅಗ್ನಿ, ವೃದ್ಧ ಸ್ತ್ರೀಯರು, ಕುಶಲರಾದ ವೈದ್ಯರು, ಒಂದಕ್ಕೂ ಕೊರತೆಯಿಲ್ಲ. ಕೂಸು ಮಾತ್ರ ಚೇಷ್ಟೆಯಿಲ್ಲದೆ ಮಲಗಿದೆ. ಪ್ರೌಢಶಾಲೆಯಲ್ಲಿ ಮೂವತ್ತುನಾಲ್ಕು ವರ್ಷ ಸಂಸ್ಕೃತವನ್ನು ಪಾಠ ಹೇಳಿದ ನಾನು ಈ ಭಾಗವನ್ನು ಎಷ್ಟೋ ಸಲ ಓದಿದ್ದೇನೆ. ಓದುವಾಗಲೆಲ್ಲ ನನ್ನ ಗಮನವು ಶಿಶುವನ್ನು ಬದುಕಿಸಿದ ಕೃಷ್ಣನ ಮೇಲೆಯೇ ಇರುತ್ತಿತ್ತು. ನೆಲದ ಮೇಲೆ ಬಿದ್ದು ಗೋಳಿಡುತ್ತಿದ್ದ ಉತ್ತರೆಯ ಕಡೆಗೆ 2022ರ ಶ್ರಾವಣ ಮಾಸದವರೆಗೆ ನಾನು ಸರಿಯಾಗಿ ತಿರುಗಿ ನೋಡಿರಲಿಲ್ಲವೆಂದೇ ಹೇಳಬೇಕು.

ಆ ಶ್ರಾವಣದಲ್ಲಿ ನನ್ನ ಮಗಳು ಚೊಚ್ಚಲ ಹೆರಿಗೆಗಾಗಿ ತವರಿಗೆ ಬಂದಿದ್ದಳು. ಏಳು ತಿಂಗಳು ತುಂಬುತ್ತಿದ್ದಂತೆಯೇ ಅವಳ ರಕ್ತದ ಒತ್ತಡವು ಏರಿತು. ಕಾಲು, ಮುಖ ಊದಿಕೊಂಡವು. ತಾಯಿಯ ಪ್ರಾಣ ಉಳಿಯಬೇಕಾದರೆ ಹೆರಿಗೆಯನ್ನು ತಡಮಾಡಬಾರದೆಂದು ಹೇಳಿ, ಡಾಕ್ಟರರು 31ನೆಯ ವಾರದಲ್ಲಿಯೇ ಶಸ್ತ್ರಕ್ರಿಯೆಯಿಂದ ಹೆಣ್ಣುಕೂಸನ್ನು ಹೊರತೆಗೆದರು. ತೂಕ 1,280 ಗ್ರಾಂ. ನಮ್ಮ ಊರಿನ ಆಸ್ಪತ್ರೆಯಲ್ಲಿ ಅಷ್ಟು ಎಳೆಯ ಶಿಶುವನ್ನು ಕಾಪಾಡತಕ್ಕ ಸಲಕರಣೆ ಇಲ್ಲದ್ದರಿಂದ, ಗಂಟೆಯೊಳಗಾಗಿ ಅದನ್ನು 60 ಕಿಲೋಮೀಟರು ದೂರದ ಜಿಲ್ಲಾ ಪಟ್ಟಣದ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಅಳಿಯನು ಜೊತೆಗೆ ಹೋದನು. ತಾಯಿ ಇಲ್ಲಿ, ಮಗು ಅಲ್ಲಿ.

ಮರುದಿನ ನಾನೂ ಹೋಗಿ ನೋಡಿದೆ. ನವಜಾತ ಶಿಶುಗಳ ತೀವ್ರ ನಿಗಾ ಘಟಕವೆಂಬ ಆ ಕೋಣೆಯಲ್ಲಿ ಸಾಲಾಗಿ ಗಾಜಿನಂತಹ ಪೆಟ್ಟಿಗೆಗಳು. ಒಂದೊಂದರಲ್ಲಿಯೂ ಅಂಗೈಯಷ್ಟಗಲದ ಒಂದು ಜೀವ. ಗಾಂಧಾರಿಯ ಮಾಂಸಪಿಂಡವನ್ನು ತುಪ್ಪದ ಕೊಡಗಳಲ್ಲಿಟ್ಟು ಕಾಪಾಡಿದ ಕಥೆಯು ಆ ಭಯದ ನಡುವೆಯೂ ನನ್ನ ನೆನಪಿಗೆ ಬಂದಿತು. ಮೇಷ್ಟರ ಬುದ್ಧಿಯೇ ಹಾಗೆ. ನಮ್ಮ ಕೂಸಿನ ಮೂಗಿಗೆ ಉಸಿರಿನ ನಳಿಕೆ, ಬಾಯೊಳಗಿಂದ ಹೊಟ್ಟೆಗೆ ಹಾಲಿನ ನಳಿಕೆ, ಪಾದಕ್ಕೆ ಕೆಂಪಗೆ ಮಿನುಗುವ ಒಂದು ಪಟ್ಟಿ. ಅಳಿಯನು ಮೊಬೈಲಿನಲ್ಲಿ ಅದರ ಚಿತ್ರವನ್ನು ತೆಗೆದುಕೊಂಡಿದ್ದನು. “ಇದನ್ನು ಅವಳಿಗೆ ತೋರಿಸಬೇಡ, ಹಸಿ ಬಾಣಂತಿ, ಕಂಡರೆ ಎದೆಯೊಡೆದೀತು, ಹಾಲು ಬತ್ತೀತು” ಎಂದು ನಾನೇ ತಡೆದೆನು. ಮನೆಯ ಹಿರಿಯರೆಲ್ಲರೂ ಅದನ್ನೇ ಅನುಮೋದಿಸಿದರು.

ಹೀಗೆ ಮೂರು ದಿನ ನಡೆಯಿತು. ಮಗಳು ಕೇಳಿದಾಗಲೆಲ್ಲ “ಕೂಸು ಚೆನ್ನಾಗಿದೆ” ಎಂದು ನಗುಮುಖದಿಂದ ಹೇಳುತ್ತಿದ್ದೆವು. ಮೂರನೆಯ ದಿನ ಅವಳು ಕೇಳುವುದನ್ನೇ ನಿಲ್ಲಿಸಿದಳು. ಸಮಾಧಾನವಾಯಿತೆಂದು ನಾವು ತಿಳಿದೆವು. ಅಂದಿನ ರಾತ್ರಿ ಅವಳು ತನ್ನ ತಾಯಿಯ ಕೈ ಹಿಡಿದು, “ಮಣ್ಣು ಮಾಡಿದ್ದು ಎಲ್ಲಿ ಎಂಬುದನ್ನಾದರೂ ಹೇಳು” ಎಂದು ಕೇಳಿದಳಂತೆ.

ಅವಳ ತರ್ಕದಲ್ಲಿ ದೋಷವಿರಲಿಲ್ಲ. ಬದುಕಿರುವ ಮಗುವಾದರೆ ಚಿತ್ರವನ್ನೇಕೆ ತೋರಿಸರು? ನಾನು ಒಂದು ಭಯವನ್ನು ಮರೆಮಾಡಲು ಹೋಗಿ ಅದಕ್ಕಿಂತ ಘೋರವಾದ ಇನ್ನೊಂದನ್ನು ಅವಳ ಹಾಸಿಗೆಯಲ್ಲಿ ಮಲಗಿಸಿದ್ದೆನು. ಆ ಕ್ಷಣವೇ ಚಿತ್ರವನ್ನು ತೋರಿಸಿದೆವು. ಅವಳು ನಳಿಕೆಗಳನ್ನು ಕಂಡು ಬೆದರಲಿಲ್ಲ. “ಕಿವಿ ಅವರ ಕಿವಿಯ ಹಾಗೆಯೇ ಇದೆ” ಎಂದಳು.

ಐದನೆಯ ದಿನ ಡಾಕ್ಟರರ ಅಪ್ಪಣೆ ಪಡೆದು ಅವಳನ್ನು ಜಿಲ್ಲಾ ಪಟ್ಟಣಕ್ಕೆ ಕರೆದೊಯ್ದೆವು. ಘಟಕದೊಳಗೆ ಗಾಲಿಕುರ್ಚಿಯಲ್ಲಿ ಕುಳಿತವಳು ಹತ್ತು ನಿಮಿಷ ಬರಿದೆ ನೋಡಿದಳು. ಆಮೇಲೆ ಒಬ್ಬ ನರ್ಸಮ್ಮನವರು ಅವಳ ಕೈಯನ್ನು ತೊಳೆಯಿಸಿ, ಪೆಟ್ಟಿಗೆಯ ದುಂಡು ಕಿಂಡಿಯೊಳಗೆ ತಾವೇ ನಡೆಸಿದರು. “ಸವರಬೇಡಿ, ಎಳೆಯ ಚರ್ಮಕ್ಕೆ ಅದು ಹಿಂಸೆ. ತಲೆಯ ಮೇಲೊಂದು ಕೈ, ಪಾದದ ಮೇಲೊಂದು ಕೈ ಇಟ್ಟು ಸುಮ್ಮನಿರಿ” ಎಂದರು. ಅಂದಿನವರೆಗೆ ಹಿಂಡಿದರೆ ಹತ್ತು ಹನಿಯೂ ಬಾರದಿದ್ದ ಹಾಲು ಆ ಸಾಯಂಕಾಲ ತಾನಾಗಿ ಜಿನುಗಿತು. ಚಿಂತೆಯಿಂದ ಹಾಲು ಇಳಿಯುವುದಿಲ್ಲವೆಂಬ ಹಿರಿಯರ ಮಾತು ಸುಳ್ಳಲ್ಲ. ಭಯ ಶೋಕಗಳು ಹಾಲಿಳಿಯುವ ಕ್ರಿಯೆಯನ್ನು ತಡೆಯುವುದುಂಟು. ಆದರೆ ಆ ಚಿಂತೆಗೆ ಮದ್ದು ಕೂಸಿನ ಬಳಿಯಲ್ಲಿಯೇ ಇದ್ದಿತು. ನಾವು ಅದನ್ನು 60 ಕಿಲೋಮೀಟರು ದೂರದಲ್ಲಿರಿಸಿದ್ದೆವು.

ಈ ವಿಷಯದಲ್ಲಿ ನಾನು ಆಮೇಲೆ ಓದಿ ತಿಳಿದುದನ್ನು ವಾಚಕರ ಮುಂದಿಡುತ್ತೇನೆ. 37 ವಾರ ತುಂಬುವ ಮೊದಲೇ ಹುಟ್ಟಿದವು ಅಕಾಲಿಕ ಶಿಶುಗಳು. 2020ನೆಯ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಅಂತಹವು ಸುಮಾರು 1 ಕೋಟಿ 34 ಲಕ್ಷ ಹುಟ್ಟಿದವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಂದರೆ ನಮ್ಮ ಮನೆಯ ಸಂಕಟವು ಅಪೂರ್ವವೇನಲ್ಲ. ಇಂತಹ ತಂದೆತಾಯಿಗಳ ಮನಃಕ್ಲೇಶವನ್ನು ಅಳೆಯುವುದಕ್ಕೆಂದು ಅಮೆರಿಕದ ಮಾರ್ಗರೆಟ್ ಮೈಲ್ಸ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ 1993ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಯಂತ್ರಗಳ ನೋಟ ಮತ್ತು ಸದ್ದು, ಶಿಶುವಿನ ಆಕಾರ ಮತ್ತು ವರ್ತನೆ, ತಾನು ತಾಯಿಯಾಗಿಯೂ ತಾಯಿಯ ಕೆಲಸವನ್ನು ಮಾಡಲಾಗದಿರುವುದು ಎಂದು ಅದರಲ್ಲಿ ಮೂರು ಭಾಗಗಳು. ಅದನ್ನು ಬಳಸಿ ಬೇರೆ ಬೇರೆ ದೇಶಗಳಲ್ಲಿ ವಿಚಾರಿಸಿದಾಗ, ಬಹುಮಟ್ಟಿಗೆ ಮೂರನೆಯದೇ ಎಲ್ಲಕ್ಕಿಂತ ಹೆಚ್ಚು ಸುಡುವುದೆಂದು ಕಂಡುಬಂದಿತು. ನೋಡುತ್ತ ನಿಲ್ಲುವುದೇ ದೊಡ್ಡ ಶಿಕ್ಷೆ.

ಯಂತ್ರದ ಸದ್ದೇನೂ ಸಾಮಾನ್ಯವಲ್ಲ. ಅದು ಕೂಗಿದಾಗಲೆಲ್ಲ ನಮ್ಮ ಅಳಿಯನು ಎದ್ದು ನಿಲ್ಲುತ್ತಿದ್ದನು. ಪಾದದ ಪಟ್ಟಿ ಸ್ವಲ್ಪ ಸರಿದರೂ ಅದು ಕೂಗುವುದು; ಅಕಾಲಿಕ ಶಿಶುವು ಉಸಿರಾಡುವುದನ್ನು ಕೆಲವು ಕ್ಷಣ ಮರೆತರೂ ಕೂಗುವುದು, ಆಗ ನರ್ಸು ಬೆನ್ನನ್ನು ಮೆಲ್ಲಗೆ ಉಜ್ಜಿದರೆ ಎಷ್ಟೋ ವೇಳೆ ಉಸಿರು ಮರಳುವುದು. ಮೊದಲ ದಿನಗಳಲ್ಲಿ ತೂಕವು ಇಳಿಯುವುದೂ ಸಹಜ. ನಮ್ಮ ಕೂಸು 1,150 ಗ್ರಾಂಗೆ ಇಳಿದು, ಎರಡು ವಾರಕ್ಕೆ ಹುಟ್ಟಿದಾಗಿನ ತೂಕಕ್ಕೆ ಬಂದಿತು. ಇಷ್ಟನ್ನು ಮೊದಲನೆಯ ದಿನವೇ ಯಾರಾದರೂ ಸಾವಧಾನವಾಗಿ ಹೇಳಿದ್ದರೆ ಎಷ್ಟು ರಾತ್ರಿಗಳ ನಿದ್ರೆ ಉಳಿಯುತ್ತಿತ್ತು! ಪಾಪ, ಅಲ್ಲಿ ಇಬ್ಬರು ನರ್ಸುಗಳು ಹನ್ನೊಂದು ಕೂಸುಗಳನ್ನು ನೋಡಬೇಕಾಗಿತ್ತು.

ತಾಯಿಯನ್ನು ಹೊರಗೆ ನಿಲ್ಲಿಸುವ ಪದ್ಧತಿ ಬಂದುದಕ್ಕೂ ಒಂದು ಚರಿತ್ರೆಯುಂಟು. ಪ್ಯಾರಿಸ್ಸಿನ ಹೆರಿಗೆಯ ವೈದ್ಯ ಟಾರ್ನಿಯೇ ಎಂಬುವನು 1880ರ ಸುಮಾರಿಗೆ, ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡು, ಶಿಶುಗಳಿಗೂ ಅಂತಹುದನ್ನು ಮಾಡಿಸಿದನು. ಮಗುವಿನಿಂದ ಅಗಲಿದ ತಾಯಿಯರಲ್ಲಿ ಕೆಲವರಿಗೆ ಅದರ ಮೇಲಣ ಮಮತೆಯೇ ಕುಂದುವುದೆಂದು ಅವನ ಶಿಷ್ಯ ಬುಡೆನನು ಆಗಲೇ ಗುರುತಿಸಿದ್ದನು. ಆದರೂ ಸೋಂಕಿನ ಭಯದಿಂದ ಇಪ್ಪತ್ತನೆಯ ಶತಮಾನದ ಬಹುಭಾಗ ಆಸ್ಪತ್ರೆಗಳು ತಾಯಿಯನ್ನು ಬಾಗಿಲಲ್ಲಿಯೇ ತಡೆದವು. ಬಾಗಿಲು ತೆರೆದದ್ದು ಕೆಲವು ಕಡೆ ಬಡತನದಿಂದ! 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಪೆಟ್ಟಿಗೆಗಳು ಸಾಲದಾದಾಗ, ಎಡ್ಗರ್ ರೇ ಎಂಬ ವೈದ್ಯರು ಕೂಸನ್ನು ತಾಯಿಯ ಬರಿಯೆದೆಯ ಮೇಲೆಯೇ ಕಟ್ಟಿಸಿದರು. ಮರುವರ್ಷ ಎಸ್ಟೋನಿಯಾದ ಟ್ಯಾಲಿನ್ ನಗರದಲ್ಲಿ ನರ್ಸುಗಳು ಸಾಲದಾದಾಗ, ಆದಿಕ್ ಲೆವಿನ್ ಎಂಬವರು ತಾಯಿಯರನ್ನೇ ಹಗಲಿರುಳು ಶುಶ್ರೂಷೆಗೆ ನಿಲ್ಲಿಸಿದರು.

ಕಾಂಗರೂ ಆರೈಕೆಯೆಂದು ಈಗ ಹೆಸರಾದ ಆ ಬೊಗೊಟಾದ ಕ್ರಮವನ್ನು ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿ, 2021ರಲ್ಲಿ ಫಲವನ್ನು ಪ್ರಕಟಿಸಿದರು. ನಮ್ಮ ದೇಶದಿಂದ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯು ಅದರಲ್ಲಿತ್ತು. ಹುಟ್ಟಿದ ಕೂಡಲೆ ಎದೆಗೆ ಸೇರಿಸಿದ ಶಿಶುಗಳಲ್ಲಿ 28 ದಿನದೊಳಗೆ ತೀರಿಕೊಂಡವು ನೂರಕ್ಕೆ 12. ಸ್ಥಿತಿ ಸುಧಾರಿಸಲೆಂದು ಕಾದವುಗಳಲ್ಲಿ 15.7. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ 26 ಘಟಕಗಳಲ್ಲಿ ತಂದೆತಾಯಿಗಳಿಗೇ ಶುಶ್ರೂಷೆ ಕಲಿಸಿ ನೋಡಿದ ಇನ್ನೊಂದು ಪರೀಕ್ಷೆಯ ಫಲವು 2018ರಲ್ಲಿ ಹೊರಬಂದಿತು: ಕೂಸುಗಳ ತೂಕವೂ ಚೆನ್ನಾಗಿ ಏರಿತು, ತಂದೆತಾಯಿಗಳ ಕಳವಳವೂ ಇಳಿಯಿತು. ನಮ್ಮ ಕೇಂದ್ರ ಸರ್ಕಾರವೂ ಕುಟುಂಬದವರನ್ನು ಆರೈಕೆಯಲ್ಲಿ ಸೇರಿಸಿಕೊಳ್ಳುವ ಬಗೆಗೆ 2017ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಕಾಂಗರೂ ಆರೈಕೆಯನ್ನು ಮನೆಮನೆಗೆ ಮುಟ್ಟಿಸುವ ಪ್ರಯತ್ನವು ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ನಡೆದಿದೆ.

ನಮ್ಮ ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಸರದಿ ತಾಯಿಗಲ್ಲದೆ ತಂದೆಗೂ ಬಂದಿತು. ಅದುವರೆಗೆ ಔಷಧ, ಹಣ, ಬಸ್ಸು ಎಂದು ಓಡಾಡುತ್ತ ಒಂದು ಹನಿ ಕಣ್ಣೀರನ್ನೂ ತೋರಿಸದಿದ್ದ ಹುಡುಗನು, ಅಂಗಿ ಬಿಚ್ಚಿ ಕುರ್ಚಿಯಲ್ಲಿ ಒರಗಿ ಕೂಸು ಎದೆಗೆ ತಾಗಿದೊಡನೆ ಬಿಕ್ಕಿ ಬಿಕ್ಕಿ ಅತ್ತನು. ಅತ್ತು ಮುಗಿದ ಮೇಲೆ ಇಬ್ಬರೂ ನಿದ್ರೆಹೋದರು.

ಮನೆಯಲ್ಲಿದ್ದ ನಾವು ಮಾಡಿದ ಅಪರಾಧಗಳು ಇನ್ನೂ ಕೆಲವುಂಟು. ಗ್ರಹಣದ ದಿನ ಹೊರಗೆ ಬಂದಿದ್ದಳೆ, ಪಪ್ಪಾಯಿ ತಿಂದಿದ್ದಳೆ ಎಂದು ಬಂಧುಗಳು ವಿಚಾರಿಸಿದರು. ಮೊದಲೇ ತನ್ನನ್ನು ತಾನು ಹಳಿದುಕೊಳ್ಳುತ್ತಿದ್ದವಳಿಗೆ ಅದು ಗಾಯದ ಮೇಲೆ ಉಪ್ಪು. ನಾನಂತೂ ದಿನವೂ ಬೆಳಗ್ಗೆ ಫೋನು ಮಾಡಿ “ತೂಕವೆಷ್ಟು?” ಎಂದು, ಪರೀಕ್ಷೆಯ ಅಂಕಗಳನ್ನು ಕೇಳುವಂತೆ ಕೇಳುತ್ತಿದ್ದೆನು. ಒಂದು ದಿನ ಮಗಳು, “ಅಪ್ಪಾ, ನಾನು ಊಟ ಮಾಡಿದೆನೇ ಎಂದು ಒಮ್ಮೆಯಾದರೂ ಕೇಳಬಾರದೆ?” ಎಂದಳು. ಮರುದಿನದಿಂದ ನನ್ನ ಹೆಂಡತಿಯು ಬುತ್ತಿ ಕಟ್ಟಿದಳು, ನಾನು ಹೊತ್ತು ತಂದೆನು. ನನಗೂ ಒಂದು ಕೆಲಸ ಸಿಕ್ಕಿತು. ಎದೆಯ ಹೊಡೆತ ತಗ್ಗಿತು.

44ನೆಯ ದಿನ ಕೂಸು 1,910 ಗ್ರಾಂ ತೂಗಿ ಮನೆಗೆ ಬಂದಿತು. ಕಳವಳವು ಆಸ್ಪತ್ರೆಯಲ್ಲಿಯೇ ಉಳಿಯುವುದೆಂದು ನಾವು ತಿಳಿದಿದ್ದೆವು. ಹಾಗಾಗಲಿಲ್ಲ. ಯಾವ ಯಂತ್ರದ ಕೂಗನ್ನು ಅಷ್ಟು ದಿನ ಶಪಿಸಿದ್ದೆವೋ, ಅದಿಲ್ಲದ ಮೌನವೇ ಈಗ ಭಯಂಕರವಾಯಿತು. ಮಗಳು ಗಂಟೆಗೊಮ್ಮೆ ಎದ್ದು ಕೂಸಿನ ಮೂಗಿನ ಬಳಿ ಬೆರಳಿಡುತ್ತಿದ್ದಳು. ತಿಂಗಳಾದರೂ ಅದು ನಿಲ್ಲದಿರಲು, ಡಾಕ್ಟರರ ಸಲಹೆಯಂತೆ ಮನೋವೈದ್ಯರಲ್ಲಿಗೆ ಕರೆದೊಯ್ದೆವು. ಅಂತಹ ತಾಯಿಯರನ್ನು ಅವರು ಎಷ್ಟೋ ಮಂದಿಯನ್ನು ಕಂಡಿದ್ದರು, ಅವರ ಮಾತಿನಿಂದ ಉಪಕಾರವಾಯಿತು.

ಅದಕ್ಕೆ ಮುಂಚಿನ ಒಂದು ರಾತ್ರಿ ನನಗೆ ಎಚ್ಚರವಾಯಿತು. ಬರಿಗಾಲಿನಲ್ಲಿ ಮೆಲ್ಲನೆ ನಡೆದು ತೊಟ್ಟಿಲ ಬಳಿ ಬಂದು, ಕತ್ತಲೆಯಲ್ಲಿ ಕೂಸಿನ ಮೂಗಿನ ಕಡೆಗೆ ಬೆರಳು ಚಾಚಿದೆನು. ಅಲ್ಲಿ ಮೊದಲೇ ಇನ್ನೊಂದು ಕೈ ಇದ್ದಿತು. ಇಬ್ಬರೂ ಮಾತನಾಡಲಿಲ್ಲ. ಕೂಸು ಒಮ್ಮೆ ಸೀನಿ, ಮುಖವನ್ನು ಆಚೆಗೆ ತಿರುಗಿಸಿ, ನಿದ್ರೆಯನ್ನು ಮುಂದುವರಿಸಿತು.